ತವರಿನ ಹೆಸರಿಗೆ ಬಂದ ಕಾರ್ಡುಗಳು

ಬ್ಯಾಡಗಿಯಿಂದ ಬರುವ ಮುಂಜಾನೆಯ ಬಸ್ಸು ಹಾವೇರಿ ಮುಟ್ಟಿತು ಎನ್ನುವುದು ನಮ್ಮ ಕಾಲೇಜಿನ ಲೈಬ್ರರಿಯಲ್ಲಿ ಕೂತ ನನಗೆ ಸೀನಿನಿಂದ ಗೊತ್ತಾಗುತ್ತಿತ್ತು. ಮೊದಲು ಗೇಟು ಕಾಯುವ ಸಿಪಾಯಿ ಸೀನುತ್ತಿದ್ದ, ಆಮೇಲೆ ವರಾಂಡದಲ್ಲಿ ನಿಂತ ಹುಡುಗರು, ಕೊನೆಗೆ ನಾನು. ಅಷ್ಟರಲ್ಲಿ ಸಸ್ಯಶಾಸ್ತ್ರದ ಮೇಡಂ ಬಾಗಿಲಲ್ಲಿ ನಿಂತು, "ನಾ ಬಂದೇನಂತ ಊರಿಗೆಲ್ಲ ಡಂಗುರಾ ಹೊಡದ್ಹಂಗಾತು" ಎಂದು ನಗುತ್ತಿದ್ದರು. ಅವರ ಯಜಮಾನರದು ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಮೆಣಸಿನಕಾಯಿ ಚೀಲಗಳ ರಾಶಿ. ಸೀರೆಯನ್ನು ಎಷ್ಟು ಝಾಡಿಸಿದರೂ ಘಾಟು ಹೋಗುತ್ತಿರಲಿಲ್ಲ. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎನ್ನುತ್ತಾರೆ. ನಮ್ಮ ಮೂಗುಗಳಿಗೆ ಅದು ತಿಳಿದಂತಿರಲಿಲ್ಲ.

ಎಂಬತ್ತರ ದಶಕದ ಕೊನೆಯ ಮಾತು ಇದು. ಹಾವೇರಿ ಇನ್ನೂ ಜಿಲ್ಲೆಯಾಗಿರಲಿಲ್ಲ. ಏನೇ ದೊಡ್ಡ ಕೆಲಸವಿದ್ದರೂ ಧಾರವಾಡಕ್ಕೆ ಹೋಗಬೇಕು. ನಾನು ರಾಣೆಬೆನ್ನೂರಿನ ಮಗಳು, ಹಾವೇರಿಯ ಸೊಸೆ, ಆ ಕಾಲೇಜಿನ ಗ್ರಂಥಪಾಲಕಿ. ಗ್ರಂಥಪಾಲಕಿ ಎಂದರೆ ಪುಸ್ತಕದ ಧೂಳು ಹೊಡೆದು, ಗದ್ದಲ ಮಾಡುವವರಿಗೆ "ಶ್" ಎನ್ನುವ ಹೆಂಗಸು ಎಂದು ನಮ್ಮ ಅಧ್ಯಾಪಕರಲ್ಲಿ ಬಹಳ ಜನ ತಿಳಿದಿದ್ದರು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಒಬ್ಬರು ಮೇಲಿನ ಕಪಾಟಿನ ಪುಸ್ತಕ ತೆಗೆದುಕೊಡಿ ಎಂದದ್ದಕ್ಕೆ ಏಣಿ ತೋರಿಸಿ ಸುಮ್ಮನೆ ಕೂತಿದ್ದೆ. ಮೇಡಂ ಮಾತ್ರ ನನ್ನನ್ನು ಮೊದಲ ದಿನದಿಂದಲೂ "ತಂಗಿ" ಎಂದು ಕರೆದವರು. ಅವರು ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು. ಮಧ್ಯಾಹ್ನ ಇಬ್ಬರೂ ಕಪಾಟುಗಳ ಹಿಂದಿನ ಸಂದಿಯಲ್ಲಿ ಕೂತು ರೊಟ್ಟಿ ಬಿಚ್ಚುತ್ತಿದ್ದೆವು. ಅವರ ಕೆಂಪು ಚಟ್ನಿ ನನಗೆ, ನನ್ನ ಶೇಂಗಾ ಚಟ್ನಿ ಅವರಿಗೆ. ಲೈಬ್ರರಿಯಲ್ಲಿ ತಿನ್ನಬಾರದು ಎಂಬ ಬೋರ್ಡನ್ನು ಬರೆಸಿ ಹಾಕಿದವಳು ನಾನೇ.

ಆ ವರ್ಷ ಒಂದು ಯೋಜನೆ ಬಂತು. ಕಾಲೇಜಿನ ಅಧ್ಯಾಪಕರಿಗೆ ಸಂಬಳ ಸಹಿತ ರಜೆ ಕೊಟ್ಟು, ಧಾರವಾಡದಲ್ಲಿ ಪಿಎಚ್.ಡಿ. ಮಾಡಲು ಕಳಿಸುವುದು. ಅದಕ್ಕೊಂದು ವಯಸ್ಸಿನ ಮಿತಿಯಿತ್ತು, ಮುಂದಿನ ವರ್ಷಕ್ಕೆ ಮೇಡಂ ಅದನ್ನು ದಾಟುವವರಿದ್ದರು. ಈ ಸಲ ಆಗದಿದ್ದರೆ ಮತ್ತೆಂದೂ ಇಲ್ಲ. ಮದುವೆಗೆ ಮೊದಲು ಧಾರವಾಡದಲ್ಲಿ ಓದುವಾಗ ಅವರು ಮೆಣಸಿನಕಾಯಿಯ ಬಣ್ಣ ಯಾಕೆ ಮಾಸುತ್ತದೆ, ಬಿಸಿಲಲ್ಲಿ ಒಣಗಿಸಿದ್ದಕ್ಕೂ ನೆರಳಲ್ಲಿ ಒಣಗಿಸಿದ್ದಕ್ಕೂ ಏನು ವ್ಯತ್ಯಾಸ ಎಂದು ಕೆಲಸ ಮಾಡಿದ್ದರು. ಅದರ ಮೇಲೆ ಪರದೇಶದ ಒಂದು ಪತ್ರಿಕೆಯಲ್ಲಿ ಒಂದು ಲೇಖನ ಅಚ್ಚಾಗಿತ್ತು. ಅದು ಅಚ್ಚಾಗುವ ಹೊತ್ತಿಗೆ ಮದುವೆಯಾಗಿ, ನಮ್ಮ ಕಾಲೇಜಿಗೆ ಸೇರಿ, ಸಂಸಾರದಲ್ಲಿ ಮುಳುಗಿ ಹೋಗಿದ್ದರು. ಲೇಖನದ ಪ್ರತಿ ಕೂಡ ಈಗ ಅವರಲ್ಲಿರಲಿಲ್ಲ. ಅರ್ಜಿಯಲ್ಲಿ ಲೇಖನದ ಹೆಸರು, ಪತ್ರಿಕೆ, ವರ್ಷ ಇಷ್ಟು ಬರೆದು ಪ್ರಿನ್ಸಿಪಾಲರ ಮೇಜಿನ ಮೇಲಿಟ್ಟರು.

ಪ್ರಿನ್ಸಿಪಾಲರು ನನ್ನನ್ನು ಕರೆಸಿದರು. "ನೋಡ್ರಿ, ಬರೇ ಲೇಖನಾ ಇದ್ರ ಸಾಲಂಗಿಲ್ಲಂತ. ಅದನ್ನ ಯಾರರ ಉಪಯೋಗ ಮಾಡ್ಯಾರೇನು, ಅದಕ್ಕೂ ಪುರಾವೆ ಬೇಕಂತ. ಲಗೂನ ನೋಡಿ ಕೊಡ್ರಿ. ಲೈಬ್ರರಿಯವರಿಗೆ ಇದೇನ್ ದೊಡ್ಡ ಕೆಲಸ ಅಲ್ಲ."

ದೊಡ್ಡ ಕೆಲಸವೇ ಆಗಿತ್ತು. ಈಗ ಒಂದು ಗುಂಡಿ ಒತ್ತಿದರೆ ತೆರೆಯ ಮೇಲೆ ಬರುವ ಸಂಗತಿಗೆ ಆಗ ಧಾರವಾಡದ ದೊಡ್ಡ ಗ್ರಂಥಾಲಯಕ್ಕೆ ಹೋಗಬೇಕಿತ್ತು. ಯಾರ ಲೇಖನವನ್ನು ಆಮೇಲೆ ಯಾರು ಯಾರು ತಮ್ಮ ಲೇಖನಗಳಲ್ಲಿ ಉಲ್ಲೇಖಿಸಿದ್ದಾರೆ ಎಂದು ವರ್ಷ ವರ್ಷವೂ ಅಚ್ಚು ಹಾಕಿದ ದಪ್ಪ ಸಂಪುಟಗಳು ಅಲ್ಲಿದ್ದವು. ಒಂದೊಂದನ್ನು ಎತ್ತಲು ಎರಡೂ ಕೈ ಬೇಕು. ಅಕ್ಷರವೋ ರಾಗಿ ಕಾಳಿಗಿಂತ ಸಣ್ಣದು. ಅದನ್ನು ಓದಲಿಕ್ಕೆಂದೇ ಅಲ್ಲಿ ಒಂದು ಭೂತಗನ್ನಡಿ ಇಟ್ಟು, ಯಾರೂ ಒಯ್ಯದಂತೆ ಮೇಜಿಗೆ ದಾರ ಕಟ್ಟಿದ್ದರು. ನಾನು ಬೆಳಗಿನ ರೈಲು ಹಿಡಿದು ಹೋಗಿ, ಲೇಖನ ಅಚ್ಚಾದ ವರ್ಷದಿಂದ ಹಿಡಿದು ಒಂದೊಂದೇ ಸಂಪುಟ ತೆಗೆದು, ಮೇಡಂ ಅವರ ಅಡ್ಡಹೆಸರು ಹುಡುಕಿದೆ. ದಾರ ಗಿಡ್ಡವಾಗಿದ್ದರಿಂದ ಬಗ್ಗಿಕೊಂಡೇ ನೋಡಬೇಕಾಯಿತು. ಸಂಜೆಯ ಹೊತ್ತಿಗೆ ಸೊಂಟ ಹಿಡಿದಿತ್ತು. ಅವರ ಹೆಸರು ಮಾತ್ರ ಒಂದು ಕಡೆಯೂ ಇರಲಿಲ್ಲ.

ಮರುದಿನ ರೊಟ್ಟಿ ಬಿಚ್ಚುವ ಮೊದಲೇ ಮೇಡಂ ಕೇಳಿದರು. "ಏನ್ ತಂಗಿ, ಸಿಕ್ತೇನು?"

"ಇಲ್ರಿ ಮೇಡಂ. ಎಲ್ಲಾ ವರ್ಷದ್ದೂ ನೋಡಿದೆ."

"ಇರಲಿ ಬಿಡು. ನಮ್ಮೂರ ಮೆಣಸಿನಕಾಯಿ ಬಣ್ಣಾ ಹೋದ್ರ ಪರದೇಶದವರಿಗೇನ್ ಆಗಬೇಕಾಗೇತಿ." ಹಾಗೆಂದು ಕನ್ನಡಕ ತೆಗೆದು ಸೆರಗಿನಿಂದ ಒರೆಸತೊಡಗಿದರು. ಅದು ಸ್ವಚ್ಛವಾಗಿಯೇ ಇತ್ತು. ಆದರೂ ಬಹಳ ಹೊತ್ತು ಒರೆಸಿದರು. ಆ ದಿನ ಇಬ್ಬರೂ ರೊಟ್ಟಿಯನ್ನು ಹಾಗೇ ಕಟ್ಟಿಟ್ಟೆವು. ಮಧ್ಯಾಹ್ನ ಪುಸ್ತಕದ ಹಾಳೆಯ ಮೂಲೆ ಮಡಚಿದ ಒಬ್ಬ ವಿದ್ಯಾರ್ಥಿಯ ಮೇಲೆ ನಾನು ಹರಿಹಾಯ್ದೆ. ಮಡಚಿದ್ದು ಅವನಲ್ಲವಂತೆ. ಯಾರ ಮೇಲೆ ಎಂದು ತಿಳಿಯದ ಸಿಟ್ಟು ನನಗೆ.

ಆ ವಾರವೇ ರಾಣೆಬೆನ್ನೂರಿನಲ್ಲಿ ನನ್ನ ಚಿಕ್ಕಪ್ಪನ ಮಗಳ ಮದುವೆ. ಅಕ್ಷತೆ ಮುಗಿದ ಮೇಲೆ ಹಿತ್ತಾಳೆಯ ತಾಟಿನಲ್ಲಿ ಅಕ್ಕಿ ಹರಡಿ ಮದುಮಗನ ಮುಂದಿಟ್ಟರು. ನಮ್ಮ ಕಡೆ ಕೆಲವು ಮನೆತನಗಳಲ್ಲಿ ಮದುವೆಯ ದಿನ ಹುಡುಗಿಯ ಅಡ್ಡಹೆಸರಷ್ಟೇ ಅಲ್ಲ, ಅವಳ ಹೆಸರನ್ನೇ ಬದಲಿಸುತ್ತಾರೆ. ಗಂಡನ ಮನೆಯವರು ಆರಿಸಿದ ಹೊಸ ಹೆಸರನ್ನು ಮದುಮಗ ಉಂಗುರದಿಂದ ಅಕ್ಕಿಯಲ್ಲಿ ಬರೆಯುತ್ತಾನೆ. ಆಮೇಲೆ ಅವಳು ಅದೇ ಹೆಸರಿನವಳು. ಮದುಮಗ ಬರೆದ. ಅಕ್ಷರಗಳು ವಕ್ರವಾಗಿದ್ದವು, ಎಲ್ಲರೂ ನಕ್ಕರು. ಅಷ್ಟರಲ್ಲಿ ಹಿಂದಿನಿಂದ ಯಾರೋ ಗೆಳತಿ ಹಳೆಯ ಹೆಸರು ಹಿಡಿದು ಕೂಗಿದಳು. ಮದುಮಗಳು "ಓ" ಎಂದು ತಿರುಗಿದಳು. ಬೀಗರ ಪೈಕಿ ಒಬ್ಬ ಹಿರಿಯ ಹೆಂಗಸು ಅವಳ ಗದ್ದ ಹಿಡಿದು ತನ್ನ ಕಡೆ ತಿರುಗಿಸಿಕೊಂಡು, "ಇನ್ನಮ್ಯಾಲ ಆ ಹೆಸರಿಗೆ ಓ ಅನಬಾರದವಾ" ಎಂದಳು. ಪ್ರೀತಿಯಿಂದಲೇ ಹೇಳಿದಳು.

ನನಗೂ ಹೀಗೆಯೇ ಹೇಳಿದ್ದರು. ನನ್ನ ಪದವಿಯ ಸರ್ಟಿಫಿಕೇಟಿನಲ್ಲಿ ಒಂದು ಹೆಸರು, ಪಗಾರದ ಪಟ್ಟಿಯಲ್ಲಿ ಇನ್ನೊಂದು. ನೌಕರಿಗೆ ಸೇರುವಾಗ ಇವೆರಡೂ ಹೆಸರಿನವಳು ನಾನೇ ಎಂದು ಕೋರ್ಟಿನಲ್ಲಿ ಅಫಿಡವಿಟ್ ಮಾಡಿಸಿಕೊಟ್ಟಿದ್ದೆ. ಊಟಕ್ಕೆ ಕೂತಾಗ ಇದೆಲ್ಲ ತಲೆಯಲ್ಲಿ ಸುತ್ತುತ್ತಿತ್ತು. ಎಲೆಗೆ ಗೋಧಿ ಬೆಲ್ಲದ ಮಾದಲಿ ಬಡಿಸಿ, ಅದರ ಮೇಲೆ ತುಪ್ಪ ಹಾಕುತ್ತಿದ್ದರು. ಸಾಕು ಎನ್ನಲು ಎತ್ತಿದ ಕೈ ಎತ್ತಿದಂತೆಯೇ ಉಳಿಯಿತು. ಮೇಡಂ ಆ ಲೇಖನದ ಕೆಲಸ ಮಾಡಿದ್ದು ಮದುವೆಗೆ ಮೊದಲು. ಅದರ ಮೇಲಿರುವುದು ತವರಿನ ಹೆಸರು. ನಾನು ಧಾರವಾಡದಲ್ಲಿ ಬಗ್ಗಿ ಬಗ್ಗಿ ಹುಡುಕಿದ್ದು ಬ್ಯಾಡಗಿಯ ಸೊಸೆಯನ್ನು. ಎರಡು ಹೆಸರು ಹೊತ್ತು ತಿರುಗುವ ನನಗೇ ಇದು ಹೊಳೆಯದೆ ಹೋದದ್ದು ಈಗಲೂ ನನಗೆ ಸೋಜಿಗ. ಎಲೆಯ ತುಂಬ ತುಪ್ಪ ಹರಿದಿತ್ತು. "ಸಾಕನ್ನಾಕ ಬಾಯಿಲ್ಲೇನಬೇ ನಿನಗ" ಎಂದು ಬಡಿಸುವವರು ಬೈದರು.

ಸೋಮವಾರ ನಾನು ಲೈಬ್ರರಿಯ ಬೀಗವನ್ನೂ ತೆಗೆಯದೆ ಗೇಟಿನಲ್ಲಿ ಬಸ್ಸಿಗೆ ಕಾಯುತ್ತ ನಿಂತೆ. ಸಿಪಾಯಿ ಸೀನಿದ. ಮೇಡಂ ಹತ್ತಿರ ಬಂದ ಕೂಡಲೇ, "ನಿಮ್ಮ ತವರುಮನಿ ಹೆಸರೇನ್ರಿ?" ಎಂದೆ.

ಅವರು ನಕ್ಕರು. "ಅದೀಗ ಯಾಕ ಬೇಕಾತು?"

"ಆ ಲೇಖನದ ಮ್ಯಾಲ ಯಾವ ಹೆಸರೈತಿ?"

ಅವರ ನಗೆ ನಿಂತಿತು. "ನೀ ಹೆಸರಿಲೆ ಹುಡಿಕಿದೇನು? ಮೆಣಸಿನಕಾಯಿ ಅಂತ ವಿಷಯದ ಮ್ಯಾಲ ಹುಡುಕ್ತಿ ಅಂತ ತಿಳಕೊಂಡಿದ್ದೆ ನಾ." ಆಮೇಲೆ ಸುತ್ತ ಒಮ್ಮೆ ನೋಡಿ, ಯಾರೂ ಹತ್ತಿರವಿಲ್ಲ ಎಂದು ಖಾತ್ರಿ ಮಾಡಿಕೊಂಡು, ತಗ್ಗಿದ ದನಿಯಲ್ಲಿ ಹೆಸರು ಹೇಳಿದರು. ಬೇರೆ ಯಾರದೋ ಗುಟ್ಟು ಹೇಳುವಂತೆ ಹೇಳಿದರು.

ಆ ಹೆಸರನ್ನು ನಾನು ಮೊದಲೇ ನೋಡಿದ್ದೆ. ಎಲ್ಲಿ ಎಂದು ಆ ಗಳಿಗೆಯಲ್ಲಿ ನೆನಪಾಗಲಿಲ್ಲ. ಧಾರವಾಡದ ರೈಲಿನಲ್ಲಿ ಕೂತಾಗ ನೆನಪಾಯಿತು. ನಮ್ಮ ಲೈಬ್ರರಿಯ ಬಾಗಿಲ ಪಕ್ಕದಲ್ಲಿ ಕಾಲೇಜಿಗೆ ಬಂದ ಟಪಾಲು ಇಡುವ ಗೂಡುಗಳಿದ್ದವು. ನಾನು ನೌಕರಿಗೆ ಸೇರಿದ ಹೊಸದರಲ್ಲಿ ಅಲ್ಲಿ ಆಗಾಗ ಪರದೇಶದ ಅಂಚೆಚೀಟಿಯ ಕಾರ್ಡುಗಳು ಬರುತ್ತಿದ್ದವು. ನಿಮ್ಮ ಲೇಖನದ ಒಂದು ಪ್ರತಿ ಕಳಿಸಿ ಎಂದು ಕೇಳುವ ಅಚ್ಚಿನ ಕಾರ್ಡುಗಳು. ಆಗ ಅದು ರೂಢಿ. ವಿಳಾಸ ನಮ್ಮ ಕಾಲೇಜಿನದೇ, ಹೆಸರು ಮಾತ್ರ ಯಾರಿಗೂ ಗೊತ್ತಿಲ್ಲದ್ದು. ಅಚ್ಚಾಗುವ ಮುಂಚೆ ಮೇಡಂ ಪತ್ರಿಕೆಗೆ ಹೊಸ ವಿಳಾಸವನ್ನಷ್ಟೇ ತಿಳಿಸಿರಬೇಕು. ಕೆಲವು ವಾರ ಗೂಡಿನಲ್ಲಿ ಕೂತು, ಆಮೇಲೆ ಈ ಹೆಸರಿನವರು ಇಲ್ಲಿಲ್ಲ ಎಂಬ ಷರಾದ ಜೊತೆ ಅವು ವಾಪಸು ಹೋಗುತ್ತಿದ್ದವು. ಕ್ರಮೇಣ ಬರುವುದೇ ನಿಂತಿತು.

ಧಾರವಾಡದಲ್ಲಿ ಮತ್ತೆ ಅದೇ ಮೇಜು, ಅದೇ ದಾರ ಕಟ್ಟಿದ ಭೂತಗನ್ನಡಿ. ಮೊದಲ ಸಂಪುಟದಲ್ಲಿ ಇರಲಿಲ್ಲ. ಎರಡನೆಯದರಲ್ಲಿ ಸಿಕ್ಕಿತು. ಅದರ ಮುಂದಿನದರಲ್ಲೂ ಇತ್ತು, ಅದರ ಮುಂದಿನದರಲ್ಲೂ. ಮೇಡಂ ಅವರ ಮದುವೆಗೆ ಮುಂಚಿನ ಹೆಸರು, ಅದರ ಕೆಳಗೆ ಆ ಲೇಖನವನ್ನು ಬಳಸಿದವರ ಹೆಸರುಗಳು. ಜಪಾನಿನವರು, ಸ್ಪೇನಿನವರು, ಹಂಗೇರಿಯವರು. ನನ್ನ ಕಣ್ಣು ಮಂಜಾಗಿ ಅಕ್ಷರ ಕಾಣದಾಯಿತು. ಭೂತಗನ್ನಡಿಯನ್ನು ಒರೆಸಿದೆ, ಆದರೆ ತೊಂದರೆ ಇದ್ದದ್ದು ಅದರಲ್ಲಿ ಅಲ್ಲ. ಹಂಗೇರಿಯವರ ಲೇಖನವಿದ್ದ ಪತ್ರಿಕೆ ಅಲ್ಲಿಯೇ ಸಿಕ್ಕಿತು. ಅವರೂ ಕೆಂಪು ಮೆಣಸಿನಕಾಯಿ ಬೆಳೆಯುತ್ತಾರಂತೆ. ನಮ್ಮ ಮೇಡಂ ಮಾಡಿದಂತೆಯೇ ನೆರಳಲ್ಲಿ ಒಣಗಿಸಿ ನೋಡಿ, ಅವರು ಹೇಳಿದ್ದು ತಮ್ಮ ಕಾಯಿಗೂ ಹೊಂದುತ್ತದೆ ಎಂದು ಬರೆದಿದ್ದರು. ಆ ಪುಟ ಝೆರಾಕ್ಸ್ ಮಾಡಿಸಿ, ಉಳಿದ ಉಲ್ಲೇಖಗಳನ್ನು ಕಾರ್ಡುಗಳಲ್ಲಿ ಬರೆದುಕೊಂಡು, ಅರ್ಧ ಕಿಲೋ ಪೇಢೆ ಕಟ್ಟಿಸಿಕೊಂಡು ಊರಿಗೆ ಬಂದೆ. ಪೇಢೆಯ ಪೊಟ್ಟಣ ಹುಬ್ಬಳ್ಳಿ ದಾಟುವ ಮೊದಲೇ ಹಗುರಾಗಿತ್ತು.

ಕಪಾಟುಗಳ ಹಿಂದೆ ಕೂತು ಮೇಡಂ ಆ ಝೆರಾಕ್ಸ್ ಹಾಳೆ ಓದಿದರು. ಅದರ ಅಡಿಯಲ್ಲಿ ತಮ್ಮ ಹಳೆಯ ಹೆಸರು ಇದ್ದಲ್ಲಿ ಬೆರಳಿಟ್ಟರು, ತೆಗೆದರು, ಮತ್ತೆ ಇಟ್ಟರು.

"ಇದನ್ನ ಬರದಾಕಿ ಶಾಣೇಕಿ ಇದ್ಳು ನೋಡು" ಎಂದರು.

"ಅಕಿ ನೀವs ಅಲ್ಲೇನ್ರಿ" ಎಂದೆ. ಆಮೇಲೆ ಮೆಲ್ಲಗೆ ಕೇಳಿದೆ. "ಮೇಡಂ, ಇಲ್ಲಿ ಗೂಡಿನ್ಯಾಗ ಈ ಹೆಸರಿಗೆ ಕಾರ್ಡ್ ಬರ್ತಿದ್ದುವು. ನೀವು ನೋಡಲಿಲ್ಲೇನು?"

"ನೋಡಿದ್ದೆ" ಎಂದರು. "ಎಲ್ಲಾ ನೋಡಿದ್ದೆ. ಆಫೀಸಿನವರು ಇವರ್ಯಾರು ಅಂತ ನನ್ನ ಕೇಳಿದ್ರು. ಈ ಹೆಸರಿನವರು ಇಲ್ಲಿಲ್ಲಂತ ನಾನs ಹೇಳಿದೆ."

ನಾನು ಕೈಯಲ್ಲಿದ್ದ ಕಾರ್ಡುಗಳನ್ನು ಕೆಳಗಿಟ್ಟೆ.

"ಮದುವಿಯಾದ ದಿನಾನ ನಮ್ಮತ್ತಿ ಹೇಳಿದ್ರು, ಆ ಹೆಸರಿಲೆ ಯಾರರ ಕರದ್ರ ಓ ಅನಬಾರದು ಅಂತ. ನಮ್ಮವ್ವ ಕರದ್ರೂ ಓ ಅನಲಿಲ್ಲ ತಂಗಿ ನಾ. ಅಕಿ ಅತ್ತಳು. ಇನ್ನ ಪರದೇಶದವರು ಕರದ್ರ ಹೆಂಗ ಅನ್ಲಿ?" ಸ್ವಲ್ಪ ತಡೆದು, "ಕಾರ್ಡ್ ತಗೊಂಡಿದ್ರ ಉತ್ತರಾ ಬರೀಬೇಕಾಗಿತ್ತು. ಕೆಳಗ ಯಾವ ಹೆಸರಿಲೆ ಸಹಿ ಮಾಡ್ಲಿ?" ಎಂದರು. ಆಮೇಲೆ ಅತ್ತರು. ನಾನೂ ಅತ್ತೆ. ಗದ್ದಲ ಮಾಡಬಾರದ ಜಾಗವೆಂದು ಇಬ್ಬರೂ ಸದ್ದಿಲ್ಲದೆ ಅತ್ತೆವು.

ಪುರಾವೆ ಸಿಕ್ಕಿತು ಎಂದು ಪ್ರಿನ್ಸಿಪಾಲರ ಮುಂದೆ ಹಿಗ್ಗಿನಿಂದ ಇಟ್ಟರೆ ಅವರು ತಲೆ ಕೆರೆದುಕೊಂಡರು. "ಇದು ಬ್ಯಾರೆ ಯಾರದೋ ಹೆಸರು. ಅರ್ಜಿ ಇವರದು. ಇಬ್ಬರೂ ಒಬ್ಬರs ಅಂತ ಹೆಂಗ ನಂಬೂದ್ರಿ?" ನಾನು ನೌಕರಿಗೆ ಸೇರುವಾಗ ಮಾಡಿಸಿದ ಅಫಿಡವಿಟ್ಟಿನ ಸಂಗತಿ ಹೇಳಿದೆ. ಮೇಡಂ ಸೇರಿದ ಕಾಲಕ್ಕೆ ಅದನ್ನು ಯಾರೂ ಕೇಳಿರಲಿಲ್ಲವಂತೆ. ಹಾಗಾದರೆ ಅದನ್ನೇ ಮಾಡಿಸಿಕೊಂಡು ಬನ್ನಿ, ಗಂಡನ ಸಾಕ್ಷಿಯೂ ಇರಲಿ ಎಂದರು. ಮೇಡಂ ಮುಖ ಸಣ್ಣದಾಯಿತು. ಅತ್ತೆ ತೀರಿಹೋಗಿ ವರ್ಷಗಳಾಗಿದ್ದವು, ಆದರೆ ಹೊಸ ಹೆಸರನ್ನು ಅಕ್ಕಿಯಲ್ಲಿ ಬರೆದವರು ಯಜಮಾನರು. ಅವರಿಗೆ ನೋವಾದೀತು ಎಂಬ ಹೆದರಿಕೆ. ಈ ಅರ್ಜಿಯೇ ಬೇಡ ಎಂದು ಒಂದು ದಿನ ಹಟ ಹಿಡಿದರು. ಕೊನೆಯ ದಿನ ಹತ್ತಿರ ಬಂದಿತ್ತು. ನಾನು ಮಾತು ಬಿಟ್ಟೆ. ರೊಟ್ಟಿ ಗಂಟನ್ನು ಬೇರೆ ಕಡೆ ಬಿಚ್ಚಿದೆ. ಮರುದಿನ ಅವರೇ ಬಂದು, "ರಾತ್ರಿ ಹೇಳೇನಿ. ನಾಳೆ ಬರ್ತಾರಂತ" ಎಂದರು.

ಯಜಮಾನರು ಪೇಟೆ ಇಲ್ಲದ ದಿನ ಬಿಳಿ ಧೋತರ ಉಟ್ಟು ಬಂದರು. ಕೋರ್ಟಿನ ಮುಂದೆ ಬೇವಿನ ಗಿಡದ ಕೆಳಗೆ ವಕೀಲರೂ ಟೈಪಿಸ್ಟರೂ ಕೂರುತ್ತಿದ್ದರು. ನಮ್ಮ ಸರದಿಗೆ ಕಾಯುವಾಗ ಅವರು ನನ್ನ ಕೈಯಲ್ಲಿದ್ದ ಹಾಳೆ ಕೇಳಿ, ಏನು ಬರೆದಿದೆ ಹೇಳಿ ಎಂದರು. ಹೇಳಿದೆ.

"ಏನ್ರಿ, ಬಣ್ಣಾ ಹೋಗೂದರ ಬಗ್ಗೆನs ಬರದಾಳ?" ಎಂದು ಹೆಂಡತಿಯ ಕಡೆ ತಿರುಗಿದರು. "ವರ್ಷಾ ವರ್ಷಾ ನನ್ನ ಮಾಲು ಗೋಡೌನಿನ್ಯಾಗ ಬೆಳ್ಳಗಾಗತೈತಿ. ನೋಡಕೋತ ಕುಂತಿದ್ದಿ. ಒಂದ ಮಾತು ಹೇಳಬಾರದಾ?"

"ನೀವು ಒಂದ ಮಾತು ಕೇಳಲಿಲ್ಲ" ಎಂದರು ಮೇಡಂ.

ಅಷ್ಟರಲ್ಲಿ ವಕೀಲರು ಕರೆದರು. ಟೈಪಿಸ್ಟ್ ಹಾಳೆ ಏರಿಸಿ ಕೂತಿದ್ದ. "ಇವರ ಮದುವಿಗೆ ಮೊದಲಿನ ಹೆಸರು ಹೇಳ್ರಿ" ಎಂದು ವಕೀಲರು ಕೇಳಿದ್ದು ಯಜಮಾನರನ್ನು. ಅವರು ಧೋತರದ ಚುಂಗು ಸರಿಪಡಿಸಿಕೊಂಡರು. ಮೇಡಂ ನೆಲ ನೋಡುತ್ತ ನಿಂತರು, ನೆನಪಿಸಿಕೊಡಲಿಲ್ಲ. ಯಜಮಾನರು ಆ ಹೆಸರನ್ನು ಹೇಳಿದರು, ಅಡ್ಡಹೆಸರಿನ ಸಮೇತ, ಒಂದಕ್ಷರವೂ ತಪ್ಪದೆ. ಆಮೇಲೆ ಹೆಂಡತಿಯ ಮುಖ ನೋಡಿ "ಹೌದಲ್ಲ?" ಎಂದರು. ಅವರು ಹೌದೆಂದು ತಲೆಯಾಡಿಸಿದರು. "ಛಲೋ ಹೆಸರು ಐತಿ. ಯಾಕ ಬದಲಿಸಿದಿವೋ ಏನೋ" ಎಂದು ಯಜಮಾನರು ಸಾಕ್ಷಿಯ ಸಹಿ ಹಾಕಿದರು. ಮೇಡಂ ಎರಡೂ ಹೆಸರುಗಳಲ್ಲಿ ಸಹಿ ಮಾಡಬೇಕಿತ್ತು. ಹೊಸದು ಸರಸರನೆ ಬಂತು. ಹಳೆಯದನ್ನು ಶಾಲೆಯ ಹುಡುಗಿಯಂತೆ ಒಂದೊಂದೇ ಅಕ್ಷರ ತಿದ್ದಿ ಬರೆದರು.

ಅರ್ಜಿ ಮಂಜೂರಾಯಿತು. ಧಾರವಾಡಕ್ಕೆ ಹೊರಡುವ ಮೊದಲು, ಲೈಬ್ರರಿಯ ಪುಸ್ತಕ ಏನೂ ಬಾಕಿಯಿಲ್ಲ ಎಂಬ ಚೀಟಿಗೆ ನನ್ನ ಸಹಿ ಬೇಕಿತ್ತು. ಅದಕ್ಕೆಂದು ಬಂದರು. ಆ ಹೊತ್ತಿಗೆ ಅವರ ಲೇಖನದ ಒಂದು ಪ್ರತಿ ತರಿಸಿ ನಾನು ಕಪಾಟಿನಲ್ಲಿಟ್ಟಿದ್ದೆ. ಕಾರ್ಡುಗಳ ಪೆಟ್ಟಿಗೆಯಲ್ಲಿ ಅವರ ಈಗಿನ ಹೆಸರು ಹುಡುಕಿದವರಿಗೆ ತವರಿನ ಹೆಸರಲ್ಲಿ ನೋಡಿ ಎಂದು ದಾರಿ ತೋರಿಸುವ ಒಂದು ಕಾರ್ಡನ್ನೂ ಸೇರಿಸಿದ್ದೆ. ಎಳೆದು ತೋರಿಸಿದೆ. ಬೆರಳಿಂದ ಸವರಿ, ಪೆಟ್ಟಿಗೆ ಮುಚ್ಚಿದರು.

ಬಾಗಿಲ ತನಕ ಹೋದವರು ನಿಂತರು. "ತಂಗಿ, ನಿನ್ನ ಮೊದಲಿನ ಹೆಸರೇನಿತ್ತು?"

ಹಾವೇರಿಗೆ ಬಂದ ಮೇಲೆ ಅದನ್ನು ನನ್ನಲ್ಲಿ ಪ್ರೀತಿಯಿಂದ ಕೇಳಿದವರು ಯಾರೂ ಇರಲಿಲ್ಲ. ಹೇಳುವಾಗ ನನ್ನ ದನಿಯೂ ತಗ್ಗಿತು, ನಾನೂ ಸುತ್ತ ನೋಡಿದೆ. ಅವರು ಅದನ್ನು ಒಮ್ಮೆ ಬಾಯೊಳಗೇ ಅಂದುಕೊಂಡರು. ಚೀಲ ಹೆಗಲಿಗೇರಿಸಿ ಮೆಟ್ಟಿಲು ಇಳಿದರು. ನಾನು ಮೇಜಿಗೆ ಬಂದು ಕೂತೆ. ಗೇಟಿನ ಹತ್ತಿರ ಸಿಪಾಯಿ ಸೀನಿದ್ದು ಕೇಳಿಸಿತು. ಅದರ ಹಿಂದೆಯೇ ಅಂಗಳದ ಆ ತುದಿಯಿಂದ ಮೇಡಂ ದನಿ, ನನ್ನ ಅವ್ವ ಕರೆಯುತ್ತಿದ್ದ ಹೆಸರು ಹಿಡಿದು ಕೂಗಿತು. ಓದುತ್ತಿದ್ದವರೆಲ್ಲ ತಲೆಯೆತ್ತಿ ನೋಡಿದರು.

ನಾನು ಎದ್ದು ನಿಂತು "ಓ" ಎಂದೆ.